ರೈಸ್ ಕುಕ್ಕರ್ ತರೋಕೆ ಜಪಾನಿಗೆ ಹೋದವರು

‘ಚೈನಾ ಸೆಟ್’ ಅಂತ ನಾವೆಲ್ಲ ಒಂದಲ್ಲ ಒಂದು ಸಲ ಯಾರದೋ ಫೋನನ್ನೋ ಇಯರ್‌ಫೋನನ್ನೋ ಗೇಲಿ ಮಾಡಿದ್ದೇವೆ. ತಮಾಷೆ ಅಂದ್ರೆ, 2015ರ ಸುಮಾರಿಗೆ ಚೀನಾದ ಮಧ್ಯಮವರ್ಗದವರಲ್ಲೂ ಎಷ್ಟೋ ಜನ ತಮ್ಮ ದೇಶದ ಸಾಮಾನನ್ನ ಹೀಗೇ ನೋಡ್ತಿದ್ರು. ವಿದೇಶ ಪ್ರವಾಸಕ್ಕೆ ಹೋದಾಗ ಸೂಟ್‌ಕೇಸ್ ತುಂಬಾ ಸಾಮಾನು ತರ್ತಿದ್ರು. ಚೀನಾದ ಬ್ರಾಂಡ್‌ಗಳು ಹೊರದೇಶದಲ್ಲಿ ಗೆಲ್ಲೋದನ್ನ ಕಲಿತಿದ್ದರಲ್ಲಿ ಈ ಪ್ರವಾಸಿಗರ ಪಾಲೂ ಇದೆ. ಅದನ್ನ ಒಂದು ರೈಸ್ ಕುಕ್ಕರ್ ಇಟ್ಕೊಂಡು ನೋಡೋಣ.

2014ರಲ್ಲಿ ಜಪಾನಿಗೆ ಹೋದ ಚೀನೀ ಪ್ರವಾಸಿಗರು ಸುಮಾರು 24 ಲಕ್ಷ. 2015ರಲ್ಲಿ ಹತ್ತಿರ ಹತ್ತಿರ 50 ಲಕ್ಷ. ಯೆನ್ ಅಗ್ಗವಾಗಿತ್ತು, ವೀಸಾ ಸಡಿಲವಾಗಿತ್ತು, ಪ್ರವಾಸಿಗರಿಗೆ ತೆರಿಗೆ ವಿನಾಯಿತಿಯೂ ಹೆಚ್ಚಿತ್ತು. ಅವರು ಕೊಳ್ಳೋ ಭರಾಟೆ ನೋಡಿ ಜಪಾನಿಗರು ‘ಬಕುಗಾಯ್’ ಅಂದರು, ಅಂದರೆ ಸ್ಫೋಟಕ ಖರೀದಿ. 2015ರಲ್ಲಿ ಅದು ಅಲ್ಲಿನ ವರ್ಷದ ಪದಗಳಲ್ಲಿ ಒಂದಾಯ್ತು. ಬಿಸಿನೀರು ಚಿಮ್ಮಿಸೋ ಟಾಯ್ಲೆಟ್ ಸೀಟು ಮತ್ತು ರೈಸ್ ಕುಕ್ಕರ್‌ಗೆ ಎಲ್ಲಿಲ್ಲದ ಬೇಡಿಕೆ. ಜಪಾನಿನಲ್ಲಿ 100 ವೋಲ್ಟ್, ಚೀನಾದಲ್ಲಿ 220. ಹಾಗಾಗಿ ಅಂಗಡಿಗಳು ಇವರಿಗಂತಲೇ 220 ವೋಲ್ಟ್ ಮಾಡೆಲ್ ಇಡುತ್ತಿದ್ದವು.

ಒಂದು ಕುಕ್ಕರ್‌ನಲ್ಲಿ ಅಂಥದ್ದೇನಿದೆ? ಸಾದಾ ಕುಕ್ಕರ್‌ನಲ್ಲಿ ಕೆಳಗೊಂದು ಹೀಟಿಂಗ್ ಪ್ಲೇಟ್, ನಡುವೆ ಸ್ಪ್ರಿಂಗ್ ಮೇಲೆ ಕೂತ ಮ್ಯಾಗ್ನೆಟ್ ಸ್ವಿಚ್. ನೀರಿರುವ ತನಕ ಪಾತ್ರೆ ಸುಮಾರು 100 ಡಿಗ್ರಿಯಲ್ಲೇ ನಿಲ್ಲುತ್ತೆ. ನೀರು ಇಂಗಿದ ಮೇಲೆ ಬಿಸಿ ಏರಿ, ಕ್ಯೂರಿ ತಾಪಮಾನ ಮುಟ್ಟಿದಾಗ ಸ್ವಿಚ್‌ನ ಫೆರೈಟ್ ಕಾಂತಗುಣ ಕಳ್ಕೊಂಡು ‘ಟಕ್’ ಅಂತ ಬೀಳುತ್ತೆ. ಸರಳ, ಅಗ್ಗ, ಆದರೆ ಅದಕ್ಕೆ ಆನ್ ಮತ್ತು ಆಫ್ ಬಿಟ್ಟರೆ ಹೆಚ್ಚೇನೂ ಗೊತ್ತಿಲ್ಲ. ಜಪಾನಿನ ದುಬಾರಿ ಕುಕ್ಕರ್ ಇಂಡಕ್ಷನ್‌ನದು. ಕಾಯಿಲ್‌ನಿಂದಾಗಿ ಪಾತ್ರೆಯ ಲೋಹದಲ್ಲೇ ಎಡ್ಡಿ ಕರೆಂಟ್ ಹುಟ್ಟುತ್ತೆ, ಪಾತ್ರೆಯೇ ಹೀಟರ್ ಆಗುತ್ತೆ. ನೆನೆಸೋದು, ಕುದಿಸೋದು, ಅರಳಿಸೋದು, ಪ್ರತಿ ಹಂತಕ್ಕೂ ಬೇಕಾದಷ್ಟೇ ಬಿಸಿ ಕೊಡಬಹುದು. ಜಪಾನಿನ ಅಂಟು ಅಂಟಾದ ಗುಂಡು ಅಕ್ಕಿಯ ರುಚಿ ನಿಂತಿರೋದೇ ಇದರ ಮೇಲೆ. (ಹಾಸ್ಟೆಲ್ ಮೆಸ್ಸಿನ ಅನ್ನಕ್ಕೆ ಇಷ್ಟೆಲ್ಲ ಉಪಚಾರ ಬೇಕಾ ಅಂತ ಕೇಳಬೇಡಿ.)

2015ರ ಜನವರಿಯಲ್ಲಿ ವು ಶಿಯಾವ್‌ಬೋ ಅನ್ನೋ ಚೀನೀ ಬರಹಗಾರ, ಟಾಯ್ಲೆಟ್ ಸೀಟು ಕೊಳ್ಳೋಕೆ ಜನ ಜಪಾನಿಗೆ ಹೋಗೋದರ ಬಗ್ಗೆ ಲೇಖನ ಬರೆದರು. ಅದು ದೇಶದಲ್ಲಿ ದೊಡ್ಡ ಚರ್ಚೆಯಾಯ್ತು. ಜಗತ್ತಿನ ಕಾರ್ಖಾನೆ ಅನ್ನಿಸಿಕೊಂಡ ದೇಶಕ್ಕೆ ಮನೆಬಳಕೆಯ ಸಾಮಾನು ಹೊರಗಿಂದ ಬರಬೇಕಾ ಅನ್ನೋದು ಅವಮಾನದ ಪ್ರಶ್ನೆಯೇ ಅಲ್ವಾ? 2016ರ ಮಾರ್ಚ್‌ನಲ್ಲಿ ಶಿಯೋಮಿ ತನ್ನ ‘ಮಿಜಿಯಾ’ ಬ್ರಾಂಡ್ ಶುರು ಮಾಡಿದಾಗ ಮೊದಲು ತಂದ ವಸ್ತು 999 ಯುವಾನ್‌ನ ಇಂಡಕ್ಷನ್ ಪ್ರೆಷರ್ ರೈಸ್ ಕುಕ್ಕರ್. ಫೋನ್ ಕಂಪನಿಗೆ ಅನ್ನದ ಉಸಾಬರಿ ಯಾಕೆ ಅಂತ ನಮಗೂ ಅನ್ನಿಸಿತ್ತು. ಆದರೆ ಗಿರಾಕಿ ಯಾವ ಗುಣಮಟ್ಟಕ್ಕೆ ಎಷ್ಟು ದುಡ್ಡು ಕೊಡ್ತಾನೆ ಅನ್ನೋ ಸರ್ವೆಯನ್ನ ಪ್ರವಾಸಿಗರು ತಮ್ಮದೇ ಖರ್ಚಲ್ಲಿ ಮಾಡಿಕೊಟ್ಟಿದ್ದರು!

2019ರ ಡಿಸೆಂಬರ್‌ನಲ್ಲಿ ಶಿಯೋಮಿ ಜಪಾನ್ ಮಾರುಕಟ್ಟೆಗೆ ಹೋಯ್ತು. ಫೋನಿನ ಜೊತೆ ತಂದ ಕೆಲವೇ ವಸ್ತುಗಳಲ್ಲಿ ಒಂದು ಇಂಡಕ್ಷನ್ ರೈಸ್ ಕುಕ್ಕರ್. ಅದೇ ವರ್ಷ ಚೀನೀಯರ ಹೊರದೇಶ ಪ್ರವಾಸಗಳು, ಹಾಂಗ್‌ಕಾಂಗ್, ಮಕಾವ್ ಸೇರಿ, ಸುಮಾರು 15.5 ಕೋಟಿ ಮುಟ್ಟಿದ್ದವು. ಅವರ ಹಿಂದೆಯೇ ಅಲಿಪೇ ಕ್ಯೂಆರ್ ಕೋಡ್ ಕೂಡ ಬ್ಯಾಂಕಾಕ್, ಟೋಕಿಯೋದ ಅಂಗಡಿಗಳ ಕೌಂಟರ್ ತಲುಪಿತ್ತು.

ಹಾಗಂತ ಚೀನಾ ಎಲ್ಲವನ್ನೂ ಕಲಿತೇ ಗೆದ್ದಿತು ಅಂದ್ಕೋಬೇಡಿ, ಕೊಂಡುಕೊಂಡಿದ್ದೂ ಇದೆ. ಆ ಪ್ರವಾಸಿಗರು ಮುಗಿಬೀಳುತ್ತಿದ್ದ ಟೋಕಿಯೋದ ‘ಲಾವೋಕ್ಸ್’ ಅಂಗಡಿಯಲ್ಲಿ ಚೀನಾದ ಸುನಿಂಗ್ ಕಂಪನಿ 2009ರಲ್ಲೇ ಪಾಲು ಹಿಡಿದಿತ್ತು. ಇನ್ನು 1955ರಲ್ಲಿ ಮೊದಲ ಆಟೊಮ್ಯಾಟಿಕ್ ಎಲೆಕ್ಟ್ರಿಕ್ ರೈಸ್ ಕುಕ್ಕರ್ ಮಾರುಕಟ್ಟೆಗೆ ತಂದಿದ್ದು ತೋಷಿಬಾ. ಆ ತೋಷಿಬಾದ ಗೃಹೋಪಯೋಗಿ ಉಪಕರಣಗಳ ವಿಭಾಗದ 80 ಪರ್ಸೆಂಟ್ ಪಾಲು 2016ರಲ್ಲಿ ಚೀನಾದ ಮಿಡಿಯಾ ಕಂಪನಿಯ ಕೈಸೇರಿತು.