ತಡವರಿಸುವ ಜನರೇಟರಿನ ನಾಡಿ

ಪೀತಮ್‌ಪುರದ ಹಳೆಯ ಮನೆಗಳ ಮೆಟ್ಟಿಲ ಕೆಳಗೋ ಅಂಗಡಿಗಳ ಹಿಂಬದಿಯಲ್ಲೋ ಗೋಣಿತಟ್ಟು ಹೊದ್ದು ಕುಳಿತ ಸಣ್ಣ ಪೆಟ್ರೋಲ್ ಜನರೇಟರುಗಳನ್ನು ನಮ್ಮ ವಿದ್ಯಾರ್ಥಿಗಳು ಕಂಡಿರಬಹುದು. ಗಂಟೆಗಟ್ಟಲೆ ವಿದ್ಯುತ್ತು ಹೋಗುತ್ತಿದ್ದ ಕಾಲದಲ್ಲಿ ಮಕ್ಕಳ ಪರೀಕ್ಷೆಯ ಓದು ಅವುಗಳ ಬೆಳಕಿನಲ್ಲಿಯೇ ಸಾಗುತ್ತಿತ್ತು. 2002ರಲ್ಲಿ ದೆಹಲಿಯ ವಿದ್ಯುತ್ ವಿತರಣೆಯು ಖಾಸಗಿ ಕಂಪನಿಗಳ ಕೈಗೆ ಹೋಯಿತು. ಕ್ರಮೇಣ ಕಡಿತ ಕಡಿಮೆಯಾಗಿ ಇವುಗಳಿಗೆ ನಿದ್ರೆಯೇ ಹೆಚ್ಚಾಯಿತು. ಯಂತ್ರವನ್ನು ದುಡಿಮೆಗಿಂತ ನಿದ್ರೆಯೇ ಹೆಚ್ಚು ಕೆಡಿಸುತ್ತದೆ. ಶೀತದೇಶಗಳಲ್ಲಿ ಅಂಗಳದ ಹಿಮವನ್ನು ದೂರಕ್ಕೆ ಎಸೆಯುವ ಯಂತ್ರದಲ್ಲಿಯೂ ಇಂಥದೇ ಎಂಜಿನು. ಬೇಸಗೆಯೆಲ್ಲ ಮಲಗಿ ಎದ್ದಾಗ ಅದೂ ಹೀಗೆಯೇ ತಡವರಿಸುತ್ತದೆ.

ಇಂಥ ಜನರೇಟರು ಸಾಮಾನ್ಯವಾಗಿ ನಿಮಿಷಕ್ಕೆ 3000 ಸುತ್ತು ತಿರುಗಬೇಕು. ಆಗಲೇ ನಮ್ಮ ಮನೆಗಳಿಗೆ ಒಪ್ಪುವ 50 ಆವರ್ತನದ ವಿದ್ಯುತ್ತು ದೊರೆಯುವುದು. ನಾಲ್ಕು ಹೊಡೆತದ ಎಂಜಿನಿನಲ್ಲಿ ಎರಡು ಸುತ್ತಿಗೊಮ್ಮೆ ಇಂಧನ ಉರಿಯುವುದರಿಂದ, ಸೆಕೆಂಡಿಗೆ 25 ಸಲ ಪೆಟ್ರೋಲು ಹೊತ್ತಿಕೊಳ್ಳಬೇಕು. ಇಂಧನ ಸಾಲದಾದರೆ ವೇಗ ಇಳಿಯುತ್ತದೆ. ಕೂಡಲೆ ಗವರ್ನರ್ ಎಂಬ ವೇಗರಕ್ಷಕನು ಬಾಗಿಲು ತೆರೆಯುತ್ತಾನೆ. ವೇಗ ಮಿತಿಮೀರಿದೊಡನೆ ಮುಚ್ಚುತ್ತಾನೆ. ಮತ್ತೆ ಇಳಿತ, ಮತ್ತೆ ಏರಿಕೆ. ದೀಪಗಳು ಉಸಿರಾಡುವಂತೆ ಮಿಣುಕುತ್ತವೆ. ಪಾಪ, ಇಲ್ಲಿ ಗವರ್ನರನ ಅಪರಾಧವೇನೂ ಇಲ್ಲ. ಆದರೂ ಅನೇಕರು ಮೊದಲು ತಿರುಚುವುದು ಅವನ ಸ್ಪ್ರಿಂಗನ್ನೇ!

ಹಾಗಾದರೆ ರೋಗವನ್ನು ತಿಳಿಯುವುದು ಹೇಗೆ? ಯಂತ್ರ ಬಿಸಿಯಾದ ಮೇಲೆ ಚೋಕನ್ನು ಮೆಲ್ಲನೆ ಅರ್ಧ ಎಳೆಯಬೇಕು. ಚೋಕು ಗಾಳಿಯನ್ನು ತಡೆಯುವುದರಿಂದ ಪೆಟ್ರೋಲಿನ ಪಾಲು ಹೆಚ್ಚುತ್ತದೆ. ಆಗ ತಡವರಿಕೆ ನಿಂತರೆ, ಇಂಧನ ಕಡಿಮೆ ಬರುತ್ತಿದೆ, ಇಲ್ಲವೆ ಎಲ್ಲಿಂದಲೋ ಗಾಳಿ ನುಸುಳುತ್ತಿದೆ ಎಂದರ್ಥ. ಕಪ್ಪು ಹೊಗೆಯೊಡನೆ ಇನ್ನೂ ಹದಗೆಟ್ಟರೆ ಗಾಳಿಯ ಸೋಸಣಿಗೆ ಕಟ್ಟಿಕೊಂಡಿರಬಹುದು. ಒಂದು ತಿರುಪನ್ನೂ ಬಿಚ್ಚದೆ ಇಷ್ಟು ತಿಳಿಯುತ್ತದೆ.

ಹೆಚ್ಚಾಗಿ ದೋಷವಿರುವುದು ಕಾರ್ಬುರೇಟರಿನ ಜೆಟ್ಟಿನಲ್ಲಿ. ಅದರ ರಂಧ್ರವು ಒಂದು ಮಿಲಿಮೀಟರಿಗಿಂತಲೂ ಕಿರಿದು. ತಿಂಗಳುಗಟ್ಟಲೆ ನಿಂತ ಪೆಟ್ರೋಲು ಆವಿಯಾಗಿ ಉಳಿಸುವ ಅಂಟು ಅದನ್ನು ಮುಚ್ಚಲು ಸಾಕು. ಇಂದಿನ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಬೆರೆತಿರುವುದು ಮತ್ತೊಂದು ತೊಡಕು. ಎಥನಾಲಿನಲ್ಲಿಯೇ ಆಮ್ಲಜನಕವಿರುವ ಕಾರಣ, ಅದೇ ಹಳೆಯ ರಂಧ್ರದಿಂದ ಹರಿದ ಇಂಧನ ಗಾಳಿಯ ಎದುರು ಮೊದಲಿಗಿಂತ ಸಾಲದಾಗುತ್ತದೆ. ಅದು ತೇವವನ್ನೂ ಹೀರುತ್ತದೆ. ನೀರು ಮಿತಿಮೀರಿದರೆ ಎಥನಾಲಿನೊಡನೆ ಬೇರೆಯಾಗಿ ತಳಕ್ಕಿಳಿಯುತ್ತದೆ. ತೆಗೆದ ಪೆಟ್ರೋಲನ್ನು ಗಾಜಿನ ಶೀಶೆಯಲ್ಲಿ ನಿಲ್ಲಿಸಿದರೆ ಎರಡು ಪದರಗಳು ಕಾಣುವುದುಂಟು.

ಆದುದರಿಂದ ಹಳೆಯ ಪೆಟ್ರೋಲನ್ನು ತೆಗೆದು ಹೊಸದನ್ನು ತುಂಬುವುದು ಮೊದಲ ಚಿಕಿತ್ಸೆ. ಅದರಿಂದಾಗದಿದ್ದರೆ ಎಂಜಿನು ಆರಿ ತಣ್ಣಗಾದ ಮೇಲೆ, ಪ್ಲಗ್ಗಿನ ತಂತಿಯನ್ನು ಕಳಚಿಟ್ಟು, ಮನೆಯ ಹಿರಿಯರ ಕೈಯಿಂದಲೇ ಜೆಟ್ಟನ್ನು ತೆಗೆಸಿ ತೊಳೆಯಬೇಕು. ಅದಕ್ಕೆ ಸೂಜಿ ಚುಚ್ಚಬಾರದು. ಹಿತ್ತಾಳೆ ಮೃದು, ರಂಧ್ರ ಹಿಗ್ಗಿದರೆ ಅಳತೆಯೇ ಕೆಡುತ್ತದೆ. ಪ್ಲಗ್ಗಿನ ತುದಿ ಕಂದಾಗಿದ್ದರೆ ಕ್ಷೇಮ. ಮಸಿ ಹಿಡಿದಿದ್ದರೆ ಇಂಧನ ಹೆಚ್ಚು, ಸುಣ್ಣದಂತೆ ಬಿಳಿಚಿದ್ದರೆ ಕಡಿಮೆ.

ಈ ಪರೀಕ್ಷೆಯೆಲ್ಲ ಬಯಲಿನಲ್ಲಿಯೇ, ಕಿಟಕಿ ಬಾಗಿಲುಗಳಿಂದ ದೂರದಲ್ಲಿಯೇ ನಡೆಯಬೇಕು. ಎಂಜಿನಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಚಳಿಗೆ ಬಾಗಿಲು ಮುಚ್ಚಿದ ಕೋಣೆಯಲ್ಲಾಗಲಿ, ಗಾಜು ಹಾಕಿದ ಬಾಲ್ಕನಿಯಲ್ಲಾಗಲಿ ಯಂತ್ರವನ್ನು ನಡೆಸಿದರೆ, ತಲೆನೋವೆಂದು ಮಲಗಿದವರು ಮತ್ತೆ ಏಳದಿರಬಹುದು. ಹಾಗೆ ಯಾರಾದರೂ ಹಚ್ಚಿದ್ದನ್ನು ಕಂಡರೆ, ಹಿರಿಯರೆಂದು ಸಂಕೋಚಪಡದೆ ಹೇಳಿ ಆರಿಸಿಸಿರಿ.