ಶಾಲೆಗೆ ಅನುದಾನ ಕೇಳುವ ಕ್ರಮ



ಹೊಲ ಅಳೆಯದೆ ಬೀಜವೆಷ್ಟು ಬೇಕೆಂದು ಹೇಳಲಾಗದು. ಶಾಲೆಗೆ ಅನುದಾನ ಕೇಳುವುದೂ ಹಾಗೆಯೇ. "ಶಾಲೆ ಹಾಳಾಗಿದೆ, ಸಹಾಯ ಮಾಡಿರಿ" ಎಂದಷ್ಟೇ ಬರೆದರೆ, ಯಾವುದಕ್ಕೆ ಎಷ್ಟು ಹಣ ಬೇಕೆಂಬುದು ಯಾರಿಗೂ ತಿಳಿಯದು.

2009ರ ಶಿಕ್ಷಣ ಹಕ್ಕು ಕಾಯಿದೆಯ 22ನೆಯ ಕಲಮಿನಂತೆ ಶಾಲಾಭಿವೃದ್ಧಿ ಯೋಜನೆಯೇ ಅನುದಾನಕ್ಕೆ ಆಧಾರ. ಸರ್ಕಾರಿ ಶಾಲೆಯಲ್ಲಿ ಇದನ್ನು ಬರೆಯುವುದು ಶಾಲಾ ಸಮಿತಿ. ಅದರಲ್ಲಿ ಕನಿಷ್ಠ ಮುಕ್ಕಾಲು ಪಾಲು ಮಕ್ಕಳ ತಂದೆತಾಯಿ, ಪೋಷಕರೇ ಇರಬೇಕು. ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು. ಆದ್ದರಿಂದ ಇದು ನಿಮ್ಮದೇ ಕೆಲಸ.

ಸಮಿತಿ ಸೇರಿದಾಗ ಹೀಗೆ ಮಾಡಿರಿ:

1. ಮಕ್ಕಳು, ಶಿಕ್ಷಕರು, ಕೋಣೆಗಳನ್ನು ಎಣಿಸಿ ಬರೆಯಿರಿ.

2. ಕಾಯಿದೆಯ ಅನುಸೂಚಿಯೊಡನೆ ಹೋಲಿಸಿರಿ. ಶಿಕ್ಷಕರೊಬ್ಬರಿಗೆ ಕನಿಷ್ಠ ಒಂದು ಕೋಣೆ, ಕುಡಿಯುವ ನೀರು, ಗಂಡುಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ ಇರಲೇಬೇಕು.

3. ಪ್ರತಿ ಕೊರತೆಗೂ ಅಳತೆ, ಅಂದಾಜು ವೆಚ್ಚ ಬರೆಯಿರಿ. ಅತ್ಯವಶ್ಯಕವಾದುದು ಮೊದಲು ಬರಲಿ.

4. ಊರವರು ಕೊಡುವ ಕಲ್ಲು, ಮರಳು, ಶ್ರಮದಾನವನ್ನೂ ನಮೂದಿಸಿರಿ.

5. ಠರಾವು ಮಾಡಿ, ಸಹಿ ಹಾಕಿ, ಅರ್ಜಿ ಕೊಟ್ಟು ರಸೀದಿ ಪಡೆಯಿರಿ. ಒಂದು ಪ್ರತಿ ನಿಮ್ಮಲ್ಲಿರಲಿ.

ಆರ್ಥಿಕ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಆದ್ದರಿಂದ ಸುಗ್ಗಿಯ ಗಡಿಬಿಡಿಗೆ ಮುನ್ನ, ಡಿಸೆಂಬರಿನೊಳಗೆ ಯೋಜನೆ ಸಿದ್ಧವಿರಲಿ. ಸೋರುವ ಕೋಣೆಯಲ್ಲಿ ಮಳೆ ಬಂದ ದಿನ ಪಾಠ ನಿಲ್ಲುತ್ತದೆ; ಕಳೆದ ಪಾಠ ಮುಂದಿನ ಮಳೆಗೆ ಮೊಳೆಯುವುದಿಲ್ಲ.