ಸವೆದ ದಾರಿ ಮಳೆಯಲ್ಲಿ ಜಾರುತ್ತದೆ

ಹಂಪಿಯ ಮಾತಂಗ ಬೆಟ್ಟವನ್ನು ಮಳೆಯಲ್ಲಿ ಹತ್ತಿದವರಿಗೆ ಗೊತ್ತು, ಮೆಟ್ಟಿಲಿನ ನಡುಭಾಗ ಜಾರಿದಷ್ಟು ಅಂಚು ಜಾರುವುದಿಲ್ಲ. ಜನ ತುಳಿದೂ ತುಳಿದೂ ನಡುಭಾಗ ನಯವಾಗಿದೆ. ಕಾಲು ಬೀಳದ ಅಂಚಿನಲ್ಲಿ ಕಲ್ಲಿನ ಹರಳು ಇನ್ನೂ ಅಂಗಾಲಿಗೆ ಒತ್ತುತ್ತದೆ. ಇದನ್ನು ನೆನಪಿಟ್ಟುಕೊಂಡು ಬ್ರೆಜಿಲ್‌ಗೆ ಹೋಗೋಣ.

2016ರ ನವೆಂಬರ್ 13. ಸಾವೊ ಪಾಲೊದ ಇಂಟರ್ಲಾಗೋಸ್ ಟ್ರ್ಯಾಕಿನಲ್ಲಿ ಫಾರ್ಮುಲಾ ಒನ್ ಕಾರುಗಳು ಓಡಬೇಕು, ಮಳೆ ಬಿಡುತ್ತಿಲ್ಲ. ಕೆಂಪು ಬಾವುಟ ತೋರಿಸಿ ಎರಡು ಸಲ ರೇಸು ನಿಲ್ಲಿಸಬೇಕಾಯಿತು. 19 ವರ್ಷದ ಮ್ಯಾಕ್ಸ್ ವರ್ಸ್ಟಾಪನ್ ಟೈರು ಬದಲಿಸಲು ನಿಂತು 16ನೇ ಸ್ಥಾನಕ್ಕೆ ಇಳಿದ. ಆಮೇಲೆ ಉಳಿದ ಕೆಲವೇ ಸುತ್ತುಗಳಲ್ಲಿ ಒಬ್ಬೊಬ್ಬರನ್ನೇ ದಾಟಿ 3ನೆಯವನಾಗಿ ಮುಗಿಸಿದ. ಗೆದ್ದವರು ಲೂಯಿಸ್ ಹ್ಯಾಮಿಲ್ಟನ್. ಆದರೂ ಆ ದಿನದ ಮಾತೆಲ್ಲ ಈ ಹುಡುಗನದೇ ಆಯಿತು.

ಕೆಲವು ವ್ಯಾಖ್ಯೆಗಳನ್ನು ಬೇಗ ಮುಗಿಸೋಣ. ತಿರುವಿನಲ್ಲಿ ವೇಗ ಆದಷ್ಟು ಕಡಿಮೆಯಾಗದಂತೆ ಸಾಗುವ ದಾರಿಗೆ ರೇಸಿಂಗ್ ಲೈನ್ ಎನ್ನುತ್ತಾರೆ. ಒಣ ಟ್ರ್ಯಾಕಿಗೆ ನುಣುಪಾದ ಟೈರು, ಮಳೆಗೆ ಗೀರಿನ ಟೈರು. ಇಂದಿನ ಪೂರ್ಣ ಮಳೆ ಟೈರು ಗಂಟೆಗೆ 300 ಕಿ.ಮೀ. ವೇಗದಲ್ಲಿ ಒಂದೇ ಸೆಕೆಂಡಿಗೆ ಸುಮಾರು 85 ಲೀಟರ್ ನೀರನ್ನು ಆಚೆ ತಳ್ಳುತ್ತದೆ. ಐದಾರು ಕೊಡ ನೀರು, ಒಂದು ಉಸಿರು ಎಳೆಯುವಷ್ಟರಲ್ಲಿ!

ಈಗ ಎಲ್ಲರೂ ಎಡವುವ ಜಾಗ. ಜಾರಿಸುವುದು ನೀರು ಎಂದಷ್ಟೇ ನಾವು ತಿಳಿದಿರುತ್ತೇವೆ. ನೀರಿನ ಕೆಳಗೆ ಏನಿದೆ ಎಂಬುದೂ ಅಷ್ಟೇ ಮುಖ್ಯ. ಡಾಂಬರಿನ ಜಲ್ಲಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಮೊನೆಗಳಿರುತ್ತವೆ. ಅವು ತೆಳುವಾದ ನೀರಿನ ಪೊರೆಯನ್ನು ಹರಿದು ಟೈರನ್ನು ಹಿಡಿದುಕೊಳ್ಳುತ್ತವೆ. ಆದರೆ ಎಲ್ಲ ಕಾರುಗಳೂ ಒಂದೇ ಲೈನಿನಲ್ಲಿ ಓಡಿ ಓಡಿ, ಸವೆದ ರಬ್ಬರು ಆ ಮೊನೆಗಳ ನಡುವೆ ತುಂಬಿಕೊಳ್ಳುತ್ತದೆ. ಬಿಸಿಲಲ್ಲಿ ರಬ್ಬರಿಗೆ ರಬ್ಬರು ಅಂಟಿ ಹಿಡಿತ ಹೆಚ್ಚು. ಮಳೆ ಬಿದ್ದೊಡನೆ ಅದೇ ಜಾಗ ಮಾತಂಗದ ಮೆಟ್ಟಿಲಿನ ನಡುಭಾಗವಾಗುತ್ತದೆ. ಮ್ಯಾಕ್ಸ್ ಅಂದು ಮಾಡಿದ್ದು ಇಷ್ಟೇ: ತಿರುವುಗಳಲ್ಲಿ ಬೇರೆಯವರ ದಾರಿ ಬಿಟ್ಟು ಹೊರಬದಿಯ ಒರಟು ಡಾಂಬರನ್ನು ಹುಡುಕಿ ಹಿಡಿದ.

ಅಪ್ಪನ ರಕ್ತವಪ್ಪಾ ಅದು ಎನ್ನುವವರಿದ್ದಾರೆ. ಅಪ್ಪ ಯೋಸ್ 1994ರಿಂದ 2003ರ ನಡುವೆ ಫಾರ್ಮುಲಾ ಒನ್ ಓಡಿಸಿದವರು, ತಾಯಿ ಸೋಫಿ ಕಾರ್ಟ್ ಎಂಬ ಪುಟ್ಟ ಕಾರಿನ ರೇಸಿನವರು, ನಿಜ. ನನ್ನ ಮಟ್ಟಿಗೆ ರಕ್ತಕ್ಕಿಂತ ರೂಢಿ ದೊಡ್ಡದು. ಚಳಿ, ಮಳೆ ಎನ್ನದೆ ಅಪ್ಪ ಮಗನನ್ನು ಕಾರ್ಟಿನಲ್ಲಿ ಕೂರಿಸಿ ಸುತ್ತು ಹಾಕಿಸಿದ್ದಾರೆ. ಯಾವ ಒದ್ದೆ ನೆಲ ಹಿಡಿಯುತ್ತದೆ, ಯಾವುದು ಕೈಬಿಡುತ್ತದೆ ಎಂಬುದನ್ನು ಮಗ ಸೊಂಟದಲ್ಲೇ ಕಲಿತ.

ನಮ್ಮ ಸಂಡೂರು ರಸ್ತೆಯ ಬೈಕ್ ಸವಾರರಿಗೂ ಈ ವಿದ್ಯೆ ಬೇಕು. ಅದಿರಿನ ಕೆಂಧೂಳಿಗೆ ಮೊದಲ ಹನಿ ಬಿದ್ದಾಗ ರಸ್ತೆ ಸಾರಣೆ ಮಾಡಿದಂತಾಗುತ್ತದೆ. ಜೋರು ಮಳೆ ತೊಳೆದ ಮೇಲೆ ಹಿಡಿತ ಮರಳುತ್ತದೆ. ಕಂಪ್ಲಿ ಕಡೆ ಗದ್ದೆಯಿಂದ ಮೇಲೆ ಬಂದ ಟ್ರ್ಯಾಕ್ಟರ್ ಉದುರಿಸಿದ ಕೆಸರಿನದೂ ಇದೇ ಕತೆ.

ಹೊಸಪೇಟೆಯ ಕಾಲೇಜು ಮಕ್ಕಳಲ್ಲಿ ನನ್ನದೊಂದು ಬೇಡಿಕೆ. ಹಳೆ ಟೈರಿನ ತುಂಡಿನ ಮೇಲೆ ಇಟ್ಟಿಗೆ ಕಟ್ಟಿ, ಸ್ಪ್ರಿಂಗ್ ತಕ್ಕಡಿಯಿಂದ ಎಳೆಯಿರಿ. ಮನೆಯಂಗಳದ ಸವೆದ ಚಪ್ಪಡಿಯ ಮೇಲೊಮ್ಮೆ, ಒರಟು ಕಲ್ಲಿನ ಮೇಲೊಮ್ಮೆ. ಮೊದಲು ಒಣಗಿದ್ದಾಗ, ಆಮೇಲೆ ನೀರು ಹಾಕಿ. ಬಂದ ಅಂಕಿಗಳನ್ನು ಬರೆದಿಡಿ.